ನಿಕಾನ್ ಡಿ3500: ಕೈಗೆ ಬಂದ ಮೇಲೆ ಅನಿಸಿದ್ದು

ಮಿಂಚುಹುಳ

ಇಷ್ಟು ದಿನ ಫೋನ್‌ನಲ್ಲೇ ಫೋಟೋ ತೆಗೆಯುತ್ತಿದ್ದೆ. ಈಗ ಸೆಕೆಂಡ್‌ಹ್ಯಾಂಡ್ ನಿಕಾನ್ ಡಿ3500 ತಗೊಂಡಿದ್ದೇನೆ, ಹೊಸಬರಿಗೆ ಅಂತ ಮಾಡಿದ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ). ಜೊತೆಗೆ ಬಂದದ್ದು ಎಎಫ್-ಪಿ 18-55 ವಿಆರ್ ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಮಾರುವ ಮಾಮೂಲಿ ಲೆನ್ಸ್; 18 ಎಂಎಂ ಅಂದರೆ ಅಗಲ ನೋಟ, 55 ಅಂದರೆ ಹತ್ತಿರ ಎಳೆದ ನೋಟ). 2018ರ ಮಾಡೆಲ್, ಕಂಪನಿ ತಯಾರಿಕೆ ನಿಲ್ಲಿಸಿದೆ, ಎಲ್ಲ ಗೊತ್ತಿದ್ದೇ ತಗೊಂಡೆ. "ಮಿರರ್‌ಲೆಸ್ ತಗೋಬೇಕಿತ್ತು" (ಕನ್ನಡಿ ಇಲ್ಲದ ಹೊಸ ಥರದ ಕ್ಯಾಮೆರಾ) ಅನ್ನುವವರು ಒಂಚೂರು ತಡೆಯಿರಿ, ಆ ಜಗಳ ಆಮೇಲೆ ಆಡೋಣ.

ಕೈಗೆತ್ತಿಕೊಂಡಾಗ ಮೊದಲು ಅನಿಸಿದ್ದು, ಇಷ್ಟು ಹಗುರವಾ ಅಂತ. ಬಾಡಿ ಬರೀ 365 ಗ್ರಾಂ. ಬ್ಯಾಟರಿ, ಕಾರ್ಡ್ ಹಾಕಿದರೆ 415. ಲೆನ್ಸ್‌ದು ಇನ್ನೊಂದು 205. ಪ್ಲಾಸ್ಟಿಕ್ ಅನ್ನೋದು ಮುಟ್ಟಿದರೇ ಗೊತ್ತಾಗುತ್ತದೆ, ಆದರೆ ಗ್ರಿಪ್ ಚೆನ್ನಾಗಿ ಆಳ ಇದೆ. ಮೂರು ಬೆರಳು ಸುತ್ತಿ ಹಿಡಿದು ತೋರುಬೆರಳನ್ನು ಶಟರ್ ಮೇಲಿಟ್ಟರೆ ಅಲ್ಲಾಡದೆ ನಿಲ್ಲುತ್ತದೆ. ಬಟನ್‌ಗಳೆಲ್ಲ ಸ್ಕ್ರೀನಿನ ಬಲಗಡೆಗೇ ಇವೆ, ಹಾಗಾಗಿ ಎಡಗೈ ಲೆನ್ಸ್ ಬಿಟ್ಟು ಬರಬೇಕಿಲ್ಲ.

ಕಿಟ್ ಲೆನ್ಸ್ ಮಾತ್ರ ಮೊದಲು ಸತಾಯಿಸಿತು. ಇದು ಮಡಚಿಡುವ ಲೆನ್ಸ್. ಪಕ್ಕದಲ್ಲಿ ಒಂದು ಚಿಕ್ಕ ಬಟನ್ ಇದೆ, ಅದನ್ನು ಒತ್ತಿ ಹಿಡಿದು ಝೂಮ್ ರಿಂಗ್ ತಿರುಗಿಸಿ 18ಕ್ಕೆ ತರಬೇಕು. ಅಲ್ಲಿಯವರೆಗೆ ಕ್ಯಾಮೆರಾ ಆನ್ ಆಗಿದ್ದರೂ ಲೆನ್ಸ್ ಹೊರಕ್ಕೆ ಚಾಚಿ ಅಂತ ಸ್ಕ್ರೀನಿನಲ್ಲಿ ಸೂಚನೆ ತೋರಿಸುತ್ತದೆಯೇ ಹೊರತು ಫೋಟೋ ತೆಗೆಯುವುದಿಲ್ಲ. ಬ್ಯಾಗಿನಲ್ಲಿ ಜಾಗ ಉಳಿಯಲಿ ಅಂತ ಮಾಡಿದ್ದು ಸರಿ, ಆದರೆ ಥಟ್ ಅಂತ ಏನಾದರೂ ಕಂಡಾಗ ಇದೊಂದು ಸುಮ್ನೆ ಕೆಲಸ. ಈಗ ಮಡಚುವುದನ್ನೇ ಬಿಟ್ಟಿದ್ದೇನೆ.

ವ್ಯೂಫೈಂಡರ್ ನನಗೆ ತುಂಬಾ ಹಿಡಿಸಿದೆ. ಕಣ್ಣಿಟ್ಟರೆ ಸುತ್ತಲಿನದೆಲ್ಲ ಮಾಯ, ಚೌಕಟ್ಟಿನೊಳಗೆ ಇರುವುದಷ್ಟೇ ಕಾಣುತ್ತದೆ. ಬಿಸಿಲಿನಲ್ಲಿ ಸ್ಕ್ರೀನಿಗೆ ಕೈ ಅಡ್ಡ ಹಿಡಿದು ಒದ್ದಾಡುವ ಕಷ್ಟ ಇಲ್ಲ. ಒಂದೇ ತಕರಾರು, ಇದು ತೋರಿಸೋದು 95 ಪರ್ಸೆಂಟ್ ಮಾತ್ರ. ಕಣ್ಣಿಗೆ ಕಾಣದೇ ಇದ್ದ ಕರೆಂಟ್ ಕಂಬ ಫೋಟೋದಲ್ಲಿ ಬಂದು ಮೂಲೆಯಲ್ಲಿ ನಿಂತಿರುತ್ತದೆ.

ಈಗ ಅಸಲಿ ವಿಷಯ. ಹಗಲು ಹೊರಗೆ ತೆಗೆದವು ಚೆನ್ನಾಗಿವೆ. ಎಲೆ, ಗೋಡೆ, ಮುಖ ಎಲ್ಲ ಫೋನ್‌ಗಿಂತ ಸಹಜವಾಗಿ ಕಾಣುತ್ತವೆ. ರಾತ್ರಿ ಮನೆಯೊಳಗೆ ತೆಗೆದ ಬೆಕ್ಕಿನ ಫೋಟೋಗಳು ಮಾತ್ರ ಬೇಜಾರು ತರಿಸುತ್ತಿವೆ. ಅದೇ ಜಾಗದಲ್ಲಿ, ಅದೇ ಲೈಟಿನಲ್ಲಿ ಫೋನ್ ಇದಕ್ಕಿಂತ ಚೆನ್ನಾಗಿ ತೆಗೆಯುತ್ತದೆ. ಕಿಟ್ ಲೆನ್ಸ್ ಕಳಪೆನಾ? ಸೆಕೆಂಡ್‌ಹ್ಯಾಂಡ್ ಆದ್ದರಿಂದ ಒಳಗೆ ಏನಾದರೂ ಕೆಟ್ಟಿದೆಯಾ? ಅಥವಾ ಶುರುವಿನ ಡಿಎಸ್‌ಎಲ್‌ಆರ್ ಅಂದರೆ ಇಷ್ಟೇನಾ?

ಹಳೇಶಟರ್

ಕ್ಯಾಮೆರಾ ಕೆಟ್ಟಿದೆ ಅಂತ ಈಗಲೇ ತೀರ್ಮಾನ ಮಾಡಬೇಡಿ. ಆ ಬೆಕ್ಕಿನ ಫೋಟೋದ ಎಕ್ಸಿಫ್ (ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ಮಾಹಿತಿ) ಹಾಕಿ. ಶಟರ್ (ಎಷ್ಟು ಹೊತ್ತು ತೆರೆದಿತ್ತು), ಅಪರ್ಚರ್ (ಲೆನ್ಸ್ ಎಷ್ಟು ಅಗಲ ತೆರೆದಿತ್ತು, ಎಫ್ ಅಂಕಿ ಚಿಕ್ಕದಾದಷ್ಟು ಬೆಳಕು ಜಾಸ್ತಿ), ಐಎಸ್‌ಒ (ಬಂದ ಬೆಳಕನ್ನು ಎಷ್ಟು ಹಿಗ್ಗಿಸಿತು), ಮೋಡ್, ಫೋಕಸ್ ಏರಿಯಾ. ಅಷ್ಟು ಗೊತ್ತಾದರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಇನ್ನೊಂದು, ವ್ಯೂಫೈಂಡರ್ ಪಕ್ಕದಲ್ಲಿ ಪುಟ್ಟ ಡಯಾಪ್ಟರ್ ಡಯಲ್ ಇದೆ. ಹಳೇ ಓನರ್ ಅವರ ಕಣ್ಣಿಗೆ ಸರಿಮಾಡಿಕೊಂಡಿರುತ್ತಾರೆ, ನಿಮ್ಮ ಕಣ್ಣಿಗಲ್ಲ. ಒಳಗಿನ ಫೋಕಸ್ ಪಾಯಿಂಟ್‌ಗಳು, ಕೆಳಗಿನ ಅಂಕಿಗಳು ಚೂಪಾಗಿ ಕಾಣುವ ತನಕ ತಿರುಗಿಸಿ. ಇದನ್ನು ಮಾಡದೆ ಕ್ಯಾಮೆರಾ ಮಸುಕು ಅಂತ ಮಾರಿದವರೂ ಇದ್ದಾರೆ.

ಮಿಂಚುಹುಳ

ಡಯಾಪ್ಟರ್ ತಿರುಗಿಸಿದೆ, ನಿಜಕ್ಕೂ ಫರಕ್ ಇದೆ.

ಎಕ್ಸಿಫ್ ಹೀಗಿದೆ: 55 ಎಂಎಂ, ಎಫ್/5.6, 1/20 ಸೆಕೆಂಡ್, ಐಎಸ್‌ಒ 3200. ಫ್ಲಾಶ್ ಇಲ್ಲದ ಆಟೋ ಮೋಡ್. ಫೋಕಸ್ ಏರಿಯಾ ಆಟೋ.

ಪೂರ್ತಿ ಝೂಮ್ ಮಾಡಿ ನೋಡಿದೆ. ಬೆಕ್ಕು ಕೂತ ಸೋಫಾ ಬಟ್ಟೆಯ ನೇಯ್ಗೆ ಎಳೆ ಎಳೆಯಾಗಿ ಕಾಣುತ್ತದೆ. ಬೆಕ್ಕಿನ ಮೀಸೆ ಮಾತ್ರ ಒಂದೊಂದೂ ಎರಡೆರಡು ಗೆರೆ. ಕಿವಿಯ ತುದಿ ಬಟ್ಟೆಯಲ್ಲಿ ಒರೆಸಿದ ಹಾಗಿದೆ. ಇನ್ನೊಂದು ಫೋಟೋದಲ್ಲಿ ಬೆಕ್ಕು ಪೂರ್ತಿ ಮಸುಕು, ಅದರ ಮುಂದಿದ್ದ ದಿಂಬಿನ ಅಂಚು ಮಾತ್ರ ಸ್ಪಷ್ಟ.

ಹಳೇಶಟರ್

ನಿಮ್ಮ ಲೆನ್ಸಿಗೆ ಏನೂ ಆಗಿಲ್ಲ. ಸೋಫಾದ ನೇಯ್ಗೆ ಎಳೆ ಎಳೆಯಾಗಿ ಕಾಣುತ್ತಿದೆ ಅಂದಿರಲ್ಲ, ಅದೇ ಸಾಕ್ಷಿ. ಲೆನ್ಸ್ ಕಳಪೆ ಆಗಿದ್ದರೆ ಸೋಫಾನೂ ಮಸುಕಾಗಬೇಕಿತ್ತು.

ಮೊದಲ ಫೋಟೋದಲ್ಲಿ ಅಲ್ಲಾಡಿದ್ದು ಬೆಕ್ಕು, ನೀವಲ್ಲ. 55 ಎಂಎಂನಲ್ಲಿ 1/20 ಅಂದರೆ ಸಾಮಾನ್ಯವಾಗಿ ಕೈ ನಡುಕವೂ ಸೇರಿ ಎಲ್ಲ ಕಲಸಿ ಹೋಗಬೇಕು. ನಿಮ್ಮ ಲೆನ್ಸಿನ ವಿಆರ್ ಅದನ್ನು ತಡೆದಿದೆ. ಆದರೆ ವಿಆರ್ ತಡೆಯೋದು ಕ್ಯಾಮೆರಾದ ಅಲುಗಾಟವನ್ನು ಮಾತ್ರ. ಎದುರಿಗಿರುವ ಪ್ರಾಣಿ ತಲೆ ತಿರುಗಿಸಿದರೆ ಅದು ಏನೂ ಮಾಡಲಾರದು. ಬೆಕ್ಕು, ಮಗು ಇಂಥವಕ್ಕೆ ಕನಿಷ್ಠ 1/125 ಬೇಕು. ಆಡುತ್ತಿದ್ದರೆ ಇನ್ನೂ ಜಾಸ್ತಿ.

ಎರಡನೇ ಫೋಟೋದ ಕತೆ ಬೇರೆ. ಅದು ಆಟೋ ಏರಿಯಾ ಫೋಕಸ್ ಮಾಡಿದ ಕೆಲಸ. 11 ಪಾಯಿಂಟ್‌ಗಳಲ್ಲಿ ಯಾವುದನ್ನು ಹಿಡಿಯಬೇಕು ಅಂತ ಕ್ಯಾಮೆರಾಗೆ ಬಿಟ್ಟರೆ, ಸಾಮಾನ್ಯವಾಗಿ ಹತ್ತಿರ ಇರುವುದನ್ನು, ಅಂಚು ಚೂಪಾಗಿರುವುದನ್ನು ಹಿಡಿಯುತ್ತದೆ. ದಿಂಬು ಹತ್ತಿರ ಇತ್ತು, ಅದಕ್ಕೆ ದಿಂಬು ಸಿಕ್ಕಿತು. ಫೋನ್ ಆದರೆ ಬೆಕ್ಕಿನ ಮುಖ ಗುರುತು ಹಿಡಿಯುತ್ತದೆ. ಈ ಕ್ಯಾಮೆರಾದ ವ್ಯೂಫೈಂಡರ್ ಫೋಕಸ್‌ಗೆ ಬೆಕ್ಕೂ ಒಂದೇ ದಿಂಬೂ ಒಂದೇ.

ಸಿಂಗಲ್ ಪಾಯಿಂಟ್‌ಗೆ ಹಾಕಿಕೊಳ್ಳಿ. ಕತ್ತಲಲ್ಲಿ ನಡುವಿನ ಪಾಯಿಂಟ್ ಬಳಸಿ, 11ರಲ್ಲಿ ಅದೊಂದೇ ಕ್ರಾಸ್ ಟೈಪ್, ಅಡ್ಡ ಗೆರೆ ಉದ್ದ ಗೆರೆ ಎರಡನ್ನೂ ಓದುತ್ತದೆ. ಕಣ್ಣಿನ ಮೇಲಿಟ್ಟು ಶಟರ್ ಅರ್ಧ ಒತ್ತಿ, ಹಿಡಿದುಕೊಂಡೇ ಫ್ರೇಮ್ ಸರಿಮಾಡಿ, ಆಮೇಲೆ ಪೂರ್ತಿ ಒತ್ತಿ.

ಸುಮ್ನೆಬಂದೆ

ಒಂದು ಬೆಕ್ಕಿನ ಫೋಟೋಗೆ ಇಷ್ಟೆಲ್ಲ ರಗಳೆನಾ ಗುರುಗಳೇ? ಫೋನ್ ಎತ್ತಿದೆ, ಒತ್ತಿದೆ, ಮುಗೀತು. ಕ್ಯಾಮೆರಾದ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಫೋನಿನದಕ್ಕಿಂತ ಎಷ್ಟೋ ದೊಡ್ಡದು ಅಂತ ಎಲ್ಲರೂ ಹೇಳ್ತಾರೆ, ಹಾಗಿದ್ದರೆ ರಾತ್ರಿ ಫೋನ್ ಹೇಗೆ ಗೆಲ್ಲುತ್ತದೆ? ಇದನ್ನು ಯಾರೂ ನೇರವಾಗಿ ಹೇಳುವುದಿಲ್ಲ.

ಗಾಜಿನಕಣ್ಣು

ನ್ಯಾಯವಾದ ಪ್ರಶ್ನೆ. ಸೆನ್ಸರ್ ದೊಡ್ಡದು ಅಂತ ಎಲ್ಲರೂ ಹೇಳುತ್ತಾರೆ, ಅದರ ಮುಂದೆ ಕೂತಿರುವ ಲೆನ್ಸ್ ಎಷ್ಟು ಬೆಳಕು ಬಿಡುತ್ತದೆ ಅಂತ ಹೇಳುವುದೇ ಇಲ್ಲ. ಲೆಕ್ಕ ಹಾಕೋಣ.

ಡಿ3500 ಸೆನ್ಸರ್ 23.5 × 15.6 ಮಿಲಿಮೀಟರ್, ಅಂದರೆ ಸುಮಾರು 367 ಚದರ ಮಿಲಿಮೀಟರ್. ಒಳ್ಳೆಯ ಫೋನ್‌ನಲ್ಲಿ ಈಗ 1/1.3 ಇಂಚಿನ ಸೆನ್ಸರ್ ಇರುತ್ತದೆ, ಅದು ಸುಮಾರು 70 ಚದರ ಮಿಲಿಮೀಟರ್. ಅಲ್ಲಿಗೆ ಕ್ಯಾಮೆರಾ ಐದು ಪಟ್ಟು ದೊಡ್ಡದು. ಇಲ್ಲಿಯವರೆಗೆ ಸರಿ.

ಈಗ ಲೆನ್ಸ್. ಫೋನ್‌ದು ಎಫ್/1.8 ಅಂತ ಇಟ್ಟುಕೊಳ್ಳಿ. ಕಿಟ್ ಲೆನ್ಸ್ 55ರಲ್ಲಿ ಎಫ್/5.6. ಬೆಳಕು ಲೆಕ್ಕ ಹಾಕಬೇಕಾದರೆ ಈ ಅಂಕಿಗಳ ವರ್ಗ ಹಿಡಿಯಬೇಕು. 5.6ರ ವರ್ಗ 31, 1.8ರ ವರ್ಗ 3.2. ಅಂದರೆ ಸೆನ್ಸರಿನ ಒಂದೊಂದು ಚದರ ಮಿಲಿಮೀಟರಿಗೆ ಫೋನ್‌ನಲ್ಲಿ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಬೀಳುತ್ತದೆ. ಐದು ಪಟ್ಟು ದೊಡ್ಡ ಸೆನ್ಸರ್, ಹತ್ತು ಪಟ್ಟು ಮಂದ ಲೆನ್ಸ್. ಅದೇ ಶಟರ್‌ನಲ್ಲಿ ಒಟ್ಟು ಬೆಳಕು ಫೋನಿಗೇ ಎರಡು ಪಟ್ಟು ಸಿಕ್ಕಿತು! ಅದರ ಮೇಲೆ ಫೋನ್ ಒಂದರ ಹಿಂದೆ ಒಂದು ಹಲವು ಫ್ರೇಮ್ ತೆಗೆದು, ಜೋಡಿಸಿ, ನಾಯ್ಸ್ (ಕತ್ತಲಲ್ಲಿ ಬರುವ ಮರಳಿನಂಥ ಚುಕ್ಕೆ) ತೊಳೆದು ಕೊಡುತ್ತದೆ. ಗೆಲ್ಲದೆ ಏನು ಮಾಡುತ್ತದೆ?

ಈಗ ಇದೇ ಕ್ಯಾಮೆರಾಗೆ 35 ಎಂಎಂ ಎಫ್/1.8 ಹಾಕಿ. ಲೆನ್ಸ್ ಸಮ ಆಯಿತು, ಐದು ಪಟ್ಟು ಸೆನ್ಸರ್ ಹಾಗೇ ಉಳಿಯಿತು. ಮಿಂಚುಹುಳ ಅವರ ಆ 1/20 ಶಟರ್, ಐಎಸ್‌ಒ ಮುಟ್ಟದೆ 1/200 ಆಗುತ್ತದೆ. ಮೀಸೆ ಎರಡು ಗೆರೆ ಬರುವ ಪ್ರಶ್ನೆಯೇ ಕಡಿಮೆ.

ಸುಮ್ನೆಬಂದೆ

ಇದು ಉತ್ತರ. ಆದರೂ ಲೆನ್ಸ್ ಬೇರೆ ತಗೋಬೇಕು ಅಂತಾಯ್ತಲ್ಲ, ಡಬ್ಬದಲ್ಲಿ ಬಂದಿದ್ದು ಸಾಲದು ಅಂತ.

ಎಫ್ಎಂಟು

ಡಬ್ಬದಲ್ಲಿ ಬಂದಿದ್ದನ್ನು ಅಷ್ಟು ಹೀಗಳೆಯಬೇಡಿ. ನನ್ನದು ಕ್ಯಾನನ್ 1500ಡಿ, ಇದೂ 2018ರದ್ದೇ. ಹಗಲು ಕಿಟ್ ಲೆನ್ಸನ್ನು ಎಫ್/8ಕ್ಕೆ ಇಳಿಸಿ ತೆಗೆಯಿರಿ, ಯಾವ ಲೆನ್ಸ್ ಅಂತ ಯಾರೂ ಕೇಳುವುದಿಲ್ಲ. ಬೆಟ್ಟ, ಕಟ್ಟಡ, ಗುಂಪು ಫೋಟೋ ಎಲ್ಲ ಆರಾಮಾಗಿ ಬರುತ್ತವೆ.

ಮನೆಯೊಳಗೂ ಒಂದು ದಾರಿ ಇದೆ. 55ಕ್ಕೆ ಎಳೆಯಬೇಡಿ. ಹತ್ತಿರ ಹೋಗಿ 18ರಲ್ಲಿ ತೆಗೆಯಿರಿ, ಅಲ್ಲಿ ಲೆನ್ಸ್ ಎಫ್/3.5ಕ್ಕೆ ತೆರೆಯುತ್ತದೆ. ಐಎಸ್‌ಒ 6400ಕ್ಕೆ ಬಿಡಿ. ಅದೇ ಬೆಳಕಿನಲ್ಲಿ 1/20 ಇದ್ದದ್ದು 1/100ಕ್ಕೆ ಬರುತ್ತದೆ. ಬೇರೆ ಲೆನ್ಸ್ ಬೇಕಾಗಿಲ್ಲ. ನಾಯ್ಸ್ ಇರುತ್ತದೆ, ಇರಲಿ ಬಿಡಿ. ನಾಯ್ಸ್ ಇರುವ ಚೂಪಾದ ಫೋಟೋ ಇಟ್ಟುಕೊಳ್ಳಬಹುದು, ಶುಭ್ರವಾಗಿ ಅಲ್ಲಾಡಿದ ಫೋಟೋ ಏನು ಮಾಡ್ತೀರಿ?

ಆದರೆ ತೀರಾ ಹತ್ತಿರದಿಂದ 18ರಲ್ಲಿ ಮುಖ ತೆಗೆದರೆ ಮೂಗು ದೊಡ್ಡದಾಗುತ್ತದೆ. ಬೆಕ್ಕಿಗೆ ಅದು ಒಪ್ಪುತ್ತದೆ. ನೆಂಟರಿಗೆ ಒಪ್ಪುವುದಿಲ್ಲ.

ಕ್ಯಾನನ್ ತಗೊಳ್ಳುವವರಿಗೆ ಒಂದು ಮಾತು: ಕಿಟ್ ಲೆನ್ಸಿನ ಹೆಸರಿನಲ್ಲಿ ಐಎಸ್ (ನಿಕಾನ್ ವಿಆರ್ ಅನ್ನುವುದಕ್ಕೆ ಕ್ಯಾನನ್ ಇಟ್ಟ ಹೆಸರು) ಇದೆಯಾ ನೋಡಿ. 18-55ರಲ್ಲಿ ಮೂರನೇ ಆವೃತ್ತಿಯ ಡಿಸಿ ಅನ್ನುವುದೊಂದಿದೆ, ಅದರಲ್ಲಿ ಸ್ಟೆಬಿಲೈಸೇಷನ್ ಇಲ್ಲ. ನೋಡೋಕೆ ಎರಡೂ ಹೆಚ್ಚುಕಮ್ಮಿ ಒಂದೇ ಥರ.

ಮಿಂಚುಹುಳ

ಎಫ್ಎಂಟು ಅವರ 18ರ ಐಡಿಯಾ ನೋಡಿದೆ. ಎ ಮೋಡ್ (ಅಪರ್ಚರ್ ನಾನು ಇಡುವುದು, ಶಟರ್ ಕ್ಯಾಮೆರಾ ಇಡುವುದು), ಎಫ್/3.5, ಆಟೋ ಐಎಸ್‌ಒ ಮಿತಿ 6400, ನಡುವಿನ ಪಾಯಿಂಟ್ ಬೆಕ್ಕಿನ ಕಣ್ಣಿಗೆ. ಮೀಸೆ ಒಂದೊಂದೇ ಗೆರೆ ಬಂದಿದೆ! ನೆರಳಿನ ಭಾಗದಲ್ಲಿ ನಾಯ್ಸ್ ಇದೆ, ಫೋನ್ ಕೊಟ್ಟಿದ್ದಕ್ಕಿಂತ ಒರಟು. ಆದರೆ ತುಪ್ಪಳ ತುಪ್ಪಳದ ಹಾಗೇ ಇದೆ. ಫೋನ್‌ದು ದೊಡ್ಡದು ಮಾಡಿ ನೋಡಿದರೆ ಪೇಂಟ್ ಬಳಿದ ಹಾಗಿದೆ.

ಎ ಮೋಡಿಗೆ ಬಂದ ಮೇಲೆ ಇನ್ನೊಂದು ತಲೆನೋವು. ಡಯಲ್ ಒಂದೇ ಇದೆ. ಎಕ್ಸ್‌ಪೋಷರ್ (ಫೋಟೋ ಎಷ್ಟು ಬೆಳ್ಳಗೆ ಬರಬೇಕು ಅನ್ನುವುದು) ಏರಿಳಿಸಬೇಕೆಂದರೆ ಪ್ಲಸ್-ಮೈನಸ್ ಬಟನ್ ಒತ್ತಿ ಹಿಡಿದು ತಿರುಗಿಸಬೇಕು. ಎಲ್ಲವನ್ನೂ ನಾವೇ ಇಡುವ ಎಂ ಮೋಡಿನಲ್ಲಿ ಅದೇ ಬಟನ್ ಅಪರ್ಚರ್ ಬದಲಿಸುತ್ತದೆ. ತಲೆ ಕೆಡುತ್ತದೆ. ಮತ್ತೆ, ಬಿಳಿ ಆಕಾಶ ಇದ್ದಾಗ ಎದುರಿನ ಮುಖ ಕಪ್ಪಗೆ ಬರುತ್ತಿದೆ. ಫೋನ್‌ನಲ್ಲಿ ಹೀಗಾಗುತ್ತಿರಲಿಲ್ಲ.

ಗಾಜಿನಕಣ್ಣು

ಒಂದೇ ಡಯಲ್ ಈ ದರ್ಜೆಯ ಕ್ಯಾಮೆರಾಗಳ ಹಣೆಬರಹ. ಎರಡನೇ ಡಯಲ್ ಬೇಕೆಂದರೆ ಮೇಲಿನ ಸಾಲಿಗೆ ಹೋಗಬೇಕು. ಬಟನ್ ಶಟರ್ ಪಕ್ಕದಲ್ಲೇ ಇದೆ, ತೋರುಬೆರಳಲ್ಲಿ ಒತ್ತಿ ಹೆಬ್ಬೆರಳಲ್ಲಿ ತಿರುಗಿಸಿ. ಕಣ್ಣು ತೆಗೆಯದೆ ಮಾಡುವುದು ಬೇಗ ರೂಢಿಯಾಗುತ್ತದೆ.

ಆಕಾಶದ ವಿಷಯಕ್ಕೆ: ಫೋನ್ ನಿಮ್ಮನ್ನು ಕೇಳದೆ ಬೇರೆ ಬೇರೆ ಎಕ್ಸ್‌ಪೋಷರ್‌ಗಳನ್ನು ಬೆರೆಸುತ್ತದೆ. ಇದು ಒಂದೇ ಎಕ್ಸ್‌ಪೋಷರ್ ಕೊಡುತ್ತದೆ. ಮುಖ ಮುಖ್ಯ ಅಂದರೆ ಪ್ಲಸ್ 1 ಹಾಕಿ, ಆಕಾಶ ಬೆಳ್ಳಗಾಗಿ ಹೋದರೆ ಹೋಗಲಿ. ಎರಡೂ ಬೇಕು ಅಂದರೆ ರಾ ಫೈಲಿನಲ್ಲಿ (ಸೆನ್ಸರ್ ಹಿಡಿದದ್ದೆಲ್ಲ ಹಾಗೇ ಇರುವ ಫೈಲು) ತೆಗೆಯಿರಿ. ಆಕಾಶ ಉಳಿಯುವಷ್ಟು ಕತ್ತಲಾಗಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ನೆರಳು ಎತ್ತಿ. ಈ 24 ಮೆಗಾಪಿಕ್ಸೆಲ್ ಸೆನ್ಸರ್ ತನ್ನ ಅತಿ ಕಡಿಮೆಯ, ಅಂದರೆ ಬೇಸ್ ಐಎಸ್‌ಒ 100ರಲ್ಲಿ ನೆರಳನ್ನು ಎಷ್ಟು ಎತ್ತಿದರೂ ಬೈಯ್ಯುವುದಿಲ್ಲ, ನನಗೆ ಇದರಲ್ಲಿ ಅತಿ ಇಷ್ಟದ ಗುಣ ಅದೇ. ಮಾಮೂಲಿ ಜೆಪೆಗ್ ಫೈಲಿಗೆ ಆ ತಾಕತ್ತಿಲ್ಲ.

ರಾತ್ರಿ ಬಲ್ಬಿನ ಬೆಳಕಿನಲ್ಲಿ ಹಳದಿ ಜಾಸ್ತಿ ಬಂದರೂ ರಾ ಇದ್ದರೆ ವೈಟ್ ಬ್ಯಾಲೆನ್ಸ್ ಆಮೇಲೆ ಬದಲಿಸಬಹುದು.

ಕಪ್ಪುಬಿಳುಪು

ಇಷ್ಟು ಹೊತ್ತು ತಡೆದೆ. ಈಗ ಹೇಳುತ್ತೇನೆ. ಮುಖ ಕಪ್ಪಗೆ ಬರುವುದು ವ್ಯೂಫೈಂಡರಿನಲ್ಲಿ ಮೊದಲೇ ಗೊತ್ತಾಗುವುದಿಲ್ಲ, ಕ್ಲಿಕ್ ಆದ ಮೇಲೆ ಗೊತ್ತಾಗುತ್ತದೆ. ಫೋಕಸ್ 11 ಪಾಯಿಂಟ್, ಎಲ್ಲ ನಡುವಿನ ಸುತ್ತಮುತ್ತ. ಲೈವ್ ವ್ಯೂ (ಸ್ಕ್ರೀನಿನಲ್ಲಿ ನೋಡಿ ತೆಗೆಯುವುದು) ಹಾಕಿದರೆ ಫೋಕಸ್ ಹುಡುಕಾಡುತ್ತಾ ಕೂರುತ್ತದೆ. ಸ್ಕ್ರೀನ್ ತಿರುಗುವುದಿಲ್ಲ, ಟಚ್ ಇಲ್ಲ, ಮೈಕ್ ಹಾಕಲು ಜಾಗ ಇಲ್ಲ. ವೈಫೈ ಇಲ್ಲ, ಬ್ಲೂಟೂತ್ ಮಾತ್ರ, ಅದರಲ್ಲಿ ತಾನಾಗಿ ಫೋನಿಗೆ ಬರೋದು 2 ಮೆಗಾಪಿಕ್ಸೆಲ್ ಫೋಟೋ. ಮಿರರ್‌ಲೆಸ್‌ನಲ್ಲಿ ಇದ್ಯಾವ ಗೋಳೂ ಇಲ್ಲ. ಕಣ್ಣು ಗುರುತು ಹಿಡಿದು ಫೋಕಸ್ ಮಾಡುತ್ತದೆ. ನಿಕಾನ್ ಕಂಪನಿಯೇ ಶುರುವಿನ ಡಿಎಸ್‌ಎಲ್‌ಆರ್ ಕೈಬಿಟ್ಟಿದೆ. ಬಿಟ್ಟುಹೋದ ಊರಿಗೆ ಹೊಸದಾಗಿ ಬಾಡಿಗೆಗೆ ಯಾಕೆ ಹೋಗಬೇಕು?

ಹಳೇಶಟರ್

ಹೇಳಿದ್ದೆಲ್ಲ ನಿಜ. ವಿಡಿಯೋ ಮುಖ್ಯ ಅನ್ನುವವರು ಡಿ3500 ಕಡೆ ನೋಡಲೇಬಾರದು. ಅದರಲ್ಲಿ ಎರಡು ಮಾತಿಲ್ಲ. ಡಿಎಸ್‌ಎಲ್‌ಆರೇ ಬೇಕು, ಸ್ಕ್ರೀನಿನಲ್ಲಿ ನೋಡಿ ತೆಗೆಯಬೇಕು ಅಂದರೆ 2017ರ ಕ್ಯಾನನ್ 200ಡಿ ವಾಸಿ. ಡ್ಯುಯಲ್ ಪಿಕ್ಸೆಲ್ ಫೋಕಸ್ ಇದೆ (ಸ್ಕ್ರೀನಿನಲ್ಲಿ ನೋಡುವಾಗಲೂ ಬೇಗ ಫೋಕಸ್ ಹಿಡಿಯುತ್ತದೆ), ಸ್ಕ್ರೀನ್ ತಿರುಗುತ್ತದೆ.

ಆದರೆ ಇನ್ನೊಂದು ಕಡೆನೂ ನೋಡಿ. ಡಿ3500 ಬ್ಯಾಟರಿ ಕಂಪನಿ ಲೆಕ್ಕದಲ್ಲಿ ಒಂದು ಚಾರ್ಜಿಗೆ 1550 ಫೋಟೋ. 2019ರ ನಿಕಾನ್ ಝಡ್50ಗೆ 300ರ ಆಸುಪಾಸು. ವ್ಯೂಫೈಂಡರಿಗೆ ಕರೆಂಟೇ ಬೇಡ, ಹಾಗಾಗಿ ಆನ್ ಮಾಡಿಟ್ಟು ಅರ್ಧ ದಿನ ಕಾಯಬಹುದು. ಹಳೇ ಲೆನ್ಸ್‌ಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ರಾಶಿ ರಾಶಿ ಸಿಗುತ್ತವೆ. ಫೋಟೋ ಗುಣಮಟ್ಟದಲ್ಲಿ ಅದೇ ಅಳತೆಯ ಸೆನ್ಸರ್ ಇರುವ ಮಿರರ್‌ಲೆಸ್ ಪಕ್ಕದಲ್ಲಿಟ್ಟರೆ ಬೇಸ್ ಐಎಸ್‌ಒದಲ್ಲಿ ಗುರುತು ಹಿಡಿಯೋದು ಕಷ್ಟ. ಕಪ್ಪುಬಿಳುಪು ಅವರು ದುಡ್ಡು ಕೊಡುತ್ತಿರುವುದು ಫೋಕಸ್‌ಗೆ ಮತ್ತು ವಿಡಿಯೋಗೆ, ಚಿತ್ರಕ್ಕಲ್ಲ.

ಕಪ್ಪುಬಿಳುಪು

ಫೋಕಸ್ ಆಗದ ಚಿತ್ರಕ್ಕೆ ಗುಣಮಟ್ಟ ಎಲ್ಲಿಂದ ಬರುತ್ತೆ ಸ್ವಾಮಿ? ಇರಲಿ, ಬ್ಯಾಟರಿ ವಿಷಯ ಒಪ್ಪಿದೆ. ನಾನು ಸ್ಪೇರ್ ಇಟ್ಟುಕೊಂಡೇ ಓಡಾಡುತ್ತೇನೆ.

ಬಾಲ್ಕನಿಹಕ್ಕಿ

ನಾನೂ ಇದನ್ನೇ ಸೆಕೆಂಡ್‌ಹ್ಯಾಂಡ್ ತಗೊಳ್ಳೋ ಯೋಚನೆಯಲ್ಲಿದ್ದೇನೆ. ತಗೊಳ್ಳೋ ಮುಂಚೆ ಏನೇನು ನೋಡಬೇಕು ಅಂತ ಯಾರಾದರೂ ಹೇಳಿ ಅಣ್ಣ, ಅಕ್ಕ.

ಹಳೇಶಟರ್

ಎದುರಿಗೇ ಒಂದು ಫೋಟೋ ತೆಗೆದು, ಎಡಿಟ್ ಮಾಡದ ಆ ಫೈಲನ್ನು ಹಾಗೇ ಮನೆಗೆ ತನ್ನಿ. ಎಕ್ಸಿಫ್ ಓದುವ ಸಾಫ್ಟ್‌ವೇರ್‌ನಲ್ಲಿ ಶಟರ್ ಕೌಂಟ್ (ಇಲ್ಲಿಯವರೆಗೆ ಎಷ್ಟು ಕ್ಲಿಕ್ ಆಗಿದೆ) ಕಾಣುತ್ತದೆ. ಫೋನಿನ ಮೆಸೇಜ್ ಆ್ಯಪ್ ಮೂಲಕ ಕಳಿಸಿದ ಫೋಟೋ ಬೇಡ, ಅದರಲ್ಲಿ ಎಕ್ಸಿಫ್ ಸಾಮಾನ್ಯವಾಗಿ ಉಳಿದಿರುವುದಿಲ್ಲ.

ಆಮೇಲೆ ಎಫ್/22ಕ್ಕೆ ಇಳಿಸಿ ಬರೀ ಆಕಾಶವನ್ನೋ ಬಿಳಿ ಗೋಡೆಯನ್ನೋ ತೆಗೆಯಿರಿ. ಸೆನ್ಸರ್ ಮೇಲೆ ಧೂಳಿದ್ದರೆ ಬೂದು ಚುಕ್ಕೆಗಳಾಗಿ ಕಾಣುತ್ತದೆ. ಡಿ3500ರಲ್ಲಿ ಸೆನ್ಸರನ್ನು ತಾನೇ ಕಂಪಿಸಿ ಧೂಳು ಉದುರಿಸಿಕೊಳ್ಳುವ ವ್ಯವಸ್ಥೆ ಇಲ್ಲ, ಹಾಗಾಗಿ ಚುಕ್ಕೆ ಇರುವ ಸಾಧ್ಯತೆ ಜಾಸ್ತಿ. ಹೆದರಬೇಡಿ. ಮೆನುವಿನಲ್ಲಿ ಕನ್ನಡಿ ಎತ್ತಿ ನಿಲ್ಲಿಸುವ ಆಯ್ಕೆ ಇದೆ. ಬ್ಯಾಟರಿ ತುಂಬಿರಬೇಕು. ಕ್ಯಾಮೆರಾ ಕೆಳಮುಖ ಹಿಡಿದು ರಬ್ಬರ್ ಬ್ಲೋವರ್‌ನಿಂದ ಗಾಳಿ ಹೊಡೆಯಿರಿ. ಬಾಯಿಂದ ಊದಬೇಡಿ, ಎಂಜಲು ಹಾರಿದರೆ ಧೂಳಿಗಿಂತ ಕಷ್ಟ.

ಲೆನ್ಸ್ ಬಿಚ್ಚಿ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆ ಥರ ಎಳೆಗಳು ಕಂಡರೆ ಅದು ಫಂಗಸ್, ಆ ಲೆನ್ಸ್ ಬೇಡ. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆ ಇಲ್ಲ, ಫೋಟೋದಲ್ಲಿ ಕಾಣುವುದಿಲ್ಲ.

ಎಫ್ಎಂಟು

ಸೇರಿಸುತ್ತೇನೆ: ಎಸ್‌ಡಿ ಕಾರ್ಡಿನ ಬಾಗಿಲು, ಬ್ಯಾಟರಿ ಬಾಗಿಲು ಗಟ್ಟಿಯಾಗಿ ಮುಚ್ಚುತ್ತವಾ ನೋಡಿ. ಮೇಲಿನ ಫ್ಲಾಶ್ ಎದ್ದು ಹೊಡೆಯುತ್ತದಾ ನೋಡಿ. ಅದನ್ನು ಬಳಸಿ ಅಂತಲ್ಲ, ನೇರವಾಗಿ ಹೊಡೆದರೆ ಮುಖ ಚಪ್ಪಟೆ. ಹಾಟ್‌ಶೂ (ಕ್ಯಾಮೆರಾ ನೆತ್ತಿಯಲ್ಲಿ ಫ್ಲಾಶ್ ಕೂರಿಸುವ ಜಾಗ) ಮೇಲೆ ತಲೆ ತಿರುಗುವ ಫ್ಲಾಶ್ ಹಾಕಿ ಸೀಲಿಂಗಿಗೆ ಹೊಡೆದರೆ ಕಿಟ್ ಲೆನ್ಸಿನಲ್ಲೂ ರಾತ್ರಿಯ ಫೋಟೋ ತುಂಬಾ ಚೆನ್ನಾಗಿ ಬರುತ್ತದೆ. ಬೆಕ್ಕು ಒಪ್ಪುತ್ತದಾ ಗೊತ್ತಿಲ್ಲ.

ಮಿಂಚುಹುಳ

ಬೆಕ್ಕು ಖಂಡಿತ ಒಪ್ಪಲ್ಲ. ಎಫ್/1.8 ಲೆನ್ಸೇ ಸರಿ. ಒಬ್ಬರು 50 ಎಂಎಂ ಎಫ್/1.8 ಕೊಡ್ತೀನಿ ಅಂತಿದ್ದಾರೆ, 35ಕ್ಕಿಂತ ಸುಲಭವಾಗಿ ಸಿಗುತ್ತಿದೆ. ಹೆಸರಿನ ಕೊನೆಯಲ್ಲಿ ಡಿ ಅಂತ ಇದೆ. ತಗೊಳ್ಳಲಾ?

ಗಾಜಿನಕಣ್ಣು

ಬೇಡ! ನಿಕಾನ್ ಶುರುವಿನ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ, ಮೋಟರ್ ಲೆನ್ಸಿನೊಳಗೆ ಇರಬೇಕು. 50ರ ಡಿ ಲೆನ್ಸಿನಲ್ಲಿ ಇಲ್ಲ. ಫೋಟೋ ಬರುತ್ತದೆ, ಆಟೋಫೋಕಸ್ ಮಾತ್ರ ಇಲ್ಲ. ಕೈಯಲ್ಲಿ ತಿರುಗಿಸಿ, ವ್ಯೂಫೈಂಡರಿನ ಮೂಲೆಯ ಹಸಿರು ಚುಕ್ಕೆ ನಿಂತಾಗ ಕ್ಲಿಕ್ ಮಾಡಬೇಕು. ಅಷ್ಟರಲ್ಲಿ ಬೆಕ್ಕು ಪಕ್ಕದ ರೂಮಿನಲ್ಲಿರುತ್ತದೆ. ಅದರ ಅಪರ್ಚರ್ ರಿಂಗನ್ನೂ 22ಕ್ಕೆ ಲಾಕ್ ಮಾಡಬೇಕು, ಇಲ್ಲದಿದ್ದರೆ ಕ್ಯಾಮೆರಾ ಎರರ್ ತೋರಿಸಿ ಸುಮ್ಮನಾಗುತ್ತದೆ.

ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಶುರುವಾಗುವ ಹೆಸರೇ ಹುಡುಕಿ. ಕ್ಯಾನನ್‌ನವರಿಗೆ ಈ ತಲೆನೋವಿಲ್ಲ, ಇಎಫ್ ಲೆನ್ಸ್‌ಗಳಲ್ಲೆಲ್ಲ ಮೋಟರ್ ಒಳಗೇ ಇದೆ.

ಮತ್ತೆ 50 ಅಂದರೆ ಈ ಸೆನ್ಸರಿನಲ್ಲಿ ಹಳೇ ಫಿಲ್ಮ್ ಅಳತೆಗೆ ಹೋಲಿಸಿದರೆ ಒಂದೂವರೆ ಪಟ್ಟು, 75 ಎಂಎಂನಷ್ಟು ಇಕ್ಕಟ್ಟಾದ ನೋಟ. ಚಿಕ್ಕ ರೂಮಿನಲ್ಲಿ ಗೋಡೆಗೆ ಬೆನ್ನು ತಾಗಿದರೂ ಇಬ್ಬರು ಫ್ರೇಮಿನಲ್ಲಿ ಹಿಡಿಸುವುದು ಕಷ್ಟ. 35 ಆದರೆ 52ರ ಹತ್ತಿರ, ಮನೆಯೊಳಗೆ ಸರಿಹೋಗುತ್ತದೆ.

ಮಿಂಚುಹುಳ

ಹಾಗಾದರೆ ಅವರಿಗೆ ಬೇಡ ಅಂತ ಹೇಳಿಬಿಡುತ್ತೇನೆ. 35 ಎಎಫ್-ಎಸ್ ಡಿಎಕ್ಸ್ (ಈ ಅಳತೆಯ ಸೆನ್ಸರಿಗೆ ಮಾಡಿದ್ದು) ಹುಡುಕುತ್ತೇನೆ. ಅದರ ಜೊತೆ ಹುಡ್ (ಅಡ್ಡ ಬೆಳಕು ತಡೆಯುವ ಮರೆ) ಬರುತ್ತಾ? ಕಿಟ್ ಲೆನ್ಸಿಗೆ ತಗೊಂಡ ಫಿಲ್ಟರ್ ಅದಕ್ಕೂ ಆಗುತ್ತಾ?

ಗಾಜಿನಕಣ್ಣು

ಹೊಸದಾದರೆ ಎಚ್‌ಬಿ-46 ಹುಡ್ ಡಬ್ಬದಲ್ಲೇ ಇರುತ್ತದೆ. ಸೆಕೆಂಡ್‌ಹ್ಯಾಂಡ್‌ನವರು ಎಷ್ಟೋ ಸಲ ಮರೆತು ಕೊಡುತ್ತಾರೆ, ಕೇಳಿ ಇಸ್ಕೊಳ್ಳಿ. ಫಿಲ್ಟರ್ ಆಗುವುದಿಲ್ಲ. ಫಿಲ್ಟರ್ ಕೂರುವ ಬಾಯಿ ಕಿಟ್ ಲೆನ್ಸಿನದು 55 ಎಂಎಂ ಅಗಲ, ಇದರದ್ದು 52.